ಒಂದು ಪೀಸು ಕಮ್ಮಿ

ಚುಕ್ಕೆ ಇದ್ದ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಹೇಳಬೇಕಂತೆ,
ಚುಕ್ಕೆ ಇಲ್ಲದ್ದಕ್ಕೆ ಕಾಗದದಲ್ಲೇ ಉತ್ತರ.
ನಮ್ಮದಕ್ಕೆ ಚುಕ್ಕೆ ಬಿದ್ದಿದೆ ಎಂದು
ಎಂಪಿ ಆಫೀಸಿನ ಹುಡುಗ ಫೋನು ಮಾಡಿದ್ದಕ್ಕೆ
ಬಳ್ಳಾರಿ ಕೌಲ್‌ಬಜಾರಿನ ಈ ತಗಡಿನ ಶೆಡ್ಡಿನಲ್ಲಿ
ಹನ್ನೊಂದಕ್ಕೆ ಸರಿಯಾಗಿ ಹದಿನಾಲ್ಕು ಮಿಷನ್ನು ನಿಂತವು.
ಕರೆಂಟು ಹೋಗದೆ ನಿಂತದ್ದು ಇದೇ ಮೊದಲು.

ಕಟಿಂಗ್ ಮೇಜಿನ ಮೇಲೆ ಜೀನ್ಸ್ ಥಾನಿಗೆ ಒರಗಿಸಿದ
ಹುಸೇನಮ್ಮನ ಫೋನು.
ಅದರೊಳಗೆ ಹೆಬ್ಬೆರಳಷ್ಟು ಮಂತ್ರಿ.
ಒಳ್ಳೆ ಕೋಟು. ತೋಳಿನ ಹೊಲಿಗೆ ಕೈಕೆಲಸದ್ದು,
ಅದನ್ನೇ ನೋಡಿದೆ ಮೊದಲು, ರೂಢಿ.

ಅವನ ಹಿಂದಿ ಅರ್ಧ ಹುಸೇನಮ್ಮನ ದಖ್ಖನಿಗೆ ಸಿಕ್ಕಿತು.
‘ಸಂಜ್ಞಾನ’, ‘ವಿಚಾರಾಧೀನ’ ಬಂದಾಗ ನನ್ನ ಮುಖ ನೋಡಿದಳು;
ನನ್ನ ಏಳನೇ ಕ್ಲಾಸಿನ ಕನ್ನಡ ಅಲ್ಲಿಂದ ಎತ್ತಿಕೊಂಡಿತು.
ಇಬ್ಬರೂ ಸೇರಿ ಒಂದು ಸರ್ಕಾರವನ್ನು ಬಿಡಿಸಿಕೊಂಡೆವು:

ಹಡಗು ಅಲ್ಲೇ ಇದೆ, ಬಂದರಿನ ಹೊರಗೆ.
ಯಜಮಾನ ಕೈಬಿಟ್ಟಿದ್ದಾನೆ.
ಆ ದೇಶದೊಂದಿಗೆ ನಮ್ಮ ಸಂಬಂಧ ಪುರಾತನ, ಸೌಹಾರ್ದದ್ದು.
ರಾಯಭಾರ ಕಚೇರಿ ಎರಡು ಸಲ ಅಕ್ಕಿ, ನೀರು ಕಳಿಸಿದೆ.
ಹದಿನೇಳು ಭಾರತೀಯರೂ ಕ್ಷೇಮ.

ಹದಿನೇಳಾ? ಅಂದಳು ಹುಸೇನಮ್ಮ.
ಎಂಪಿ ಆಗಲೇ ಧನ್ಯವಾದ ಹೇಳಿ ಕೂತುಬಿಟ್ಟಿದ್ದ.
ತಮ್ಮ ಖಾಜಾಬನ್ನಿ ಮೇ ತಿಂಗಳಲ್ಲಿ ಕಳಿಸಿದ ಫೋಟೊ:
ಡೆಕ್ಕಿನ ಮೇಲೆ ಸಾಲಾಗಿ ಕೂತು ಗಂಜಿ ಕುಡಿಯುವವರು,
ಅಡುಗೆಯವನು ತಾನು, ಸೌಟು ಹಿಡಿದು ಕೊನೆಗೆ.
ಎಷ್ಟು ಸಲ ಎಣಿಸಿದ್ದಾಳೋ. ಹದಿನೆಂಟು.

ಉಪಪ್ರಶ್ನೆಗೆ ಯಾರೋ ಎದ್ದರು,
ಬೇರೆ ಸಮುದ್ರದ ಬೇರೆ ಹಡಗು ಕೇಳಿದರು.
ವಿವರ ಸದನದ ಮೇಜಿನ ಮೇಲೆ ಇಡಲಾಗಿದೆ ಅಂದ ಮಂತ್ರಿ.
ಹುಸೇನಮ್ಮ ಸುಮ್ಮನೆ ನಮ್ಮ ಮೇಜು ಸವರಿದಳು.
ಚಾಕ್‌ಪೀಸು. ಕತ್ತರಿ. ಜಿಪ್ಪಿನ ಮುರಿದ ಹಲ್ಲು.

ವಾಷಿಂಗಿಗೆ ಹೋದ ಗಂಟು ವಾಪಸು ಬಂದಾಗ
ಒಂದು ಪೀಸು ಕಮ್ಮಿ ಬಿದ್ದರೆ ಓನರ್ ಗಾದಿಲಿಂಗಪ್ಪ
ಗೇಟಿಗೆ ಬೀಗ ಹಾಕುತ್ತಾನೆ, ಯಾರೂ ಮನೆಗೆ ಹೋಗುವಂತಿಲ್ಲ.
ಒಂದು ಸಲ ರಾತ್ರಿ ಒಂಬತ್ತಾಗಿತ್ತು, ಮೂವತ್ನಾಲ್ಕು ಸೈಜಿನ ಪ್ಯಾಂಟು,
ಚರಂಡಿಯ ಚಪ್ಪಡಿ ಕೂಡ ಎತ್ತಿ ನೋಡಿದೆವು.
ಸಿಕ್ಕಿತು, ಬೇರೆ ಗಂಟಿನೊಳಗೆ, ಉಲ್ಟಾ ಮಡಚಿಕೊಂಡು.
ಬೈದಿದ್ದೆವು ಅವನನ್ನು ಅವತ್ತು.

ಇವತ್ತು ಅವನೇ ಬಂದು ಬಾಗಿಲಲ್ಲಿ ನಿಂತ.
ಮಂತ್ರಿ ಅಷ್ಟರಲ್ಲಿ ಇನ್ನೊಂದು ದೇಶದಲ್ಲಿದ್ದ.
‘ಎಷ್ಟಂದ?’
ಹದಿನೇಳು, ಅಂದೆ.
‘ಇವರ ಲೆಕ್ಕ?’
ಹದಿನೆಂಟು.
ಜೇಬಿನ ಪೆನ್ನು ತೆಗೆದ,
ಬರೆಯಲು ಏನೂ ಕಾಣದೆ ಮತ್ತೆ ಸಿಕ್ಕಿಸಿಕೊಂಡ.
‘ಇನ್ನೊಮ್ಮೆ ಎಣಿಸ್ರಿ ಅನ್ನಬೇಕಿತ್ತಲ್ಲ ಯಾರಾರ,’
ಅಂದ, ಫೋನಿಗೆ.

ಮಿಷನ್ನು ಶುರುವಾದವು.
ಕಿವಿಯಲ್ಲೇ ಎಣಿಸಿದೆ. ಹದಿಮೂರು.