ಇಂಥವರ ಮಗಳು ಇಂಥವರು

ಸಾಗರದ ಸಬ್ ರಿಜಿಸ್ಟ್ರಾರ್ ಕಚೇರಿಯ ಕಾಂಪೌಂಡಿಗೆ ತಾಗಿ
ಒಂದು ಮೇಜು, ಎರಡು ಸ್ಟೂಲು, ಕುಂಟುಗಾಲಿಗೆ ಮಡಚಿಟ್ಟ ರಟ್ಟು.
ಅಲ್ಲಿ ಪತ್ರ ಬರೆಯುತ್ತಿದ್ದ ಗುತ್ಯಪ್ಪನವರಿಗೆ
ಎರಡು ಬೇಸಿಗೆ ರಜೆ ನಾನು ಟೈಪು ಮಾಡಿಕೊಟ್ಟೆ,
ಹಾಳೆಗೆ ಮೂರು ರೂಪಾಯಿ, ಮಧ್ಯಾಹ್ನಕ್ಕೊಂದು ಬನ್ನು.

ಹೆಸರು ಕೇಳುವ ಮೊದಲೇ ಪತ್ರ ಓದಿಬಿಡುತ್ತಿದ್ದರು,
ಗಟ್ಟಿಯಾಗಿ, ಬಾಗಿಲ ಜವಾನನಿಗೂ ಕೇಳುವಂತೆ:
“ಇಂಥವರ ಮಗ ಇಂಥವರು, ಇಂಥ ಊರಿನ ಇಂಥವರಿಗೆ,
ಇಷ್ಟು ಹಣಕ್ಕೆ, ಇಂಥ ಚಕ್ಕುಬಂದಿಯ ಇಷ್ಟು ಗುಂಟೆ...”
ಎಲ್ಲರೂ ತಲೆಯಾಡಿಸಿದ ಮೇಲೇ ಪೆನ್ನಿನ ಮುಚ್ಚಳ ತೆಗೆಯುವುದು.
“ಅರ್ಥ ಮೊದಲು ಗಟ್ಟಿಯಾಗಬೇಕು, ಕೂಸೇ.
ಆಮೇಲೆ ಯಾರ ಹೆಸರು ಬಂದು ಕೂತರೂ
ಹೆಸರು ಹೆಸರೇ. ಅದು ಪತ್ರ ತಿದ್ದೋದಿಲ್ಲ.”
ಮೊತ್ತದ ಬೆನ್ನಿಗೇ “ಮಾತ್ರ” ಎಂಬ ಬೇಲಿ.
ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ,
ಒಂದು ಇರುವೆಯೂ ನುಸುಳದ ಹಾಗೆ.

ಇಪ್ಪತ್ತು ವರ್ಷ ಆಯಿತು.
ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಜೆರಾಕ್ಸ್ ಅಂಗಡಿ.
ರಕ್ತ ಕೊಡುವವರ ಪಟ್ಟಿಗೆಂದು ವೆಬ್‌ಸೈಟು ಕಟ್ಟಿದೆ.
(ನಡುರಾತ್ರಿ ಹೆರಿಗೆ ವಾರ್ಡಿನಿಂದ ಫೋನು ಬಂದರೆ
ಶಿವಮೊಗ್ಗ ಎಂಬುದು ಒಂದೂವರೆ ಗಂಟೆ.)
ಡೇಟಾಬೇಸಿಗೆ ಕೊಡುವ ಅಪ್ಪಣೆಯನ್ನೂ ಬಂದವರ ಹೆಸರನ್ನೂ
ಒಂದೇ ದಾರಕ್ಕೆ ಪೋಣಿಸಿ ಒಳಗೆ ಕಳಿಸುತ್ತಿದ್ದೆ.
ಅವಸರ. ನಡೆಯುತ್ತಿತ್ತು. ಗುತ್ಯಪ್ಪನವರು ನೆನಪಾಗಲಿಲ್ಲ.
ಮುನ್ನೂರ ಹನ್ನೊಂದು ಜನ ಹಾಗೇ ಸೇರಿದರು.

ಮುನ್ನೂರ ಹನ್ನೆರಡನೆಯವಳು ಸೆಲೆಸ್ತಿನ್ ಡಿ'ಸೋಜ.
ಸೇರಲೇ ಇಲ್ಲ.
ಮೂರು ಸಲ ಒತ್ತಿ ನೋಡಿ ಅವಳೇ ಅಂಗಡಿಗೆ ಬಂದಳು,
ಹೊಲಿಗೆ ಕ್ಲಾಸಿನ ಟೇಪು ಇನ್ನೂ ಕೊರಳಲ್ಲಿ.
“ಓ ನೆಗೆಟಿವ್ ರೀ ನಂದು. ಬೇಡ್ವಾ ನಿಮಗೆ?”

ತೆರೆಯ ತುಂಬ ಕೆಂಪು ಸಾಲು. ಹುಡುಕಿದೆ.
ಡಿ-ಗೂ ಸೋ-ಗೂ ನಡುವೆ
ಉಣುಗಿನಷ್ಟು ಸಣ್ಣದೊಂದು ಗುರುತು ಕಚ್ಚಿಕೊಂಡಿತ್ತು.
ಹೆಸರು ಇಲ್ಲಿಗೆ ಮುಗಿಯಿತೆಂದು ನಂಬಿದ ಯಂತ್ರ
ಸೋಜ ಎಂಬುದನ್ನು ಅಪ್ಪಣೆಯೆಂದು ಓದಲು ಹೊರಟಿತ್ತು.
ಸೋಜ ಎಂಬ ಅಪ್ಪಣೆ ಅದರ ಲೋಕದಲ್ಲಿಲ್ಲ. ಅದಕ್ಕೇ ಬಚಾವು.
ಆ ಜಾಗದಲ್ಲಿ ಯಾರಾದರೂ ನಿಜವಾದ ಅಪ್ಪಣೆಯನ್ನೇ ಬರೆದಿದ್ದರೆ?
ಬೆನ್ನು ತಣ್ಣಗಾಯಿತು.

“ಆ ಕೊಕ್ಕೆ ತೆಗೆದುಬಿಡಿ,” ಅಂದಳು ಸೆಲೆಸ್ತಿನ್,
“ಬ್ಯಾಂಕಲ್ಲಿ ತೆಗೆದಿದಾರೆ, ರೇಷನ್ ಕಾರ್ಡಲ್ಲೂ.”
“ಬೇಡ. ತಪ್ಪು ನಿಮ್ಮ ಹೆಸರಿಂದಲ್ಲ.”

ಆ ರಾತ್ರಿ ಎಲ್ಲ ಬಿಚ್ಚಿ ಮತ್ತೆ ಬರೆದೆ.
ಮೊದಲು ವಾಕ್ಯವೊಂದೇ ಹೋಗಬೇಕು,
ಹೆಸರಿರುವಲ್ಲಿ ಬರೀ ಪ್ರಶ್ನೆಚಿಹ್ನೆ:
ಇಂಥವರನ್ನು, ಇಂಥ ಗುಂಪಿಗೆ, ಇಂಥ ನಂಬರಿನೊಡನೆ ಸೇರಿಸು.
ಯಂತ್ರ ಓದಿತು. ತಲೆಯಾಡಿಸಿತು ಅನ್ನಿ.
ಆಮೇಲೆ, ಬೇರೆ ಕೈಯಲ್ಲಿ, ಹೆಸರು.
ಸೆಲೆಸ್ತಿನ್ ಬಂದಳು, ಕೊಕ್ಕೆ ಸಮೇತ.

ತಿಂಗಳಾದ ಮೇಲೆ ಪಟ್ಟಿ ನೋಡುತ್ತ ನಕ್ಕುಬಿಟ್ಟೆ.
ಮುನ್ನೂರ ನಲವತ್ತನೆಯ ಸಾಲಿನಲ್ಲಿ, ಹೆಸರಿನ ಮನೆಯಲ್ಲಿ,
ಒಂದು ಕೊಕ್ಕೆ, ಒಂದು ಅರ್ಧವಿರಾಮ, ಅದರ ಹಿಂದೆ
ಇಡೀ ಪಟ್ಟಿಯನ್ನೇ ಕೆಡವು ಎಂಬ ಅಪ್ಪಣೆ.
ಕೆಡವಿರಲಿಲ್ಲ.
ಸಿನಿಮಾ ಹಾಲಿನಲ್ಲಿ ಟಿಕೆಟು ತಗೊಂಡು ಕೂತ ಕಳ್ಳನಂತೆ
ತನ್ನ ಸೀಟಲ್ಲಿ ತೆಪ್ಪಗಿತ್ತು.
ಗುಂಪು: ಬಿ ಪಾಸಿಟಿವ್. ನಂಬರು: ಹತ್ತಂಕಿ, ಪೂರ್ತಿ.

ಫೋನು ಹಚ್ಚಿದೆ.
ಮೀಸೆ ಬಾರದ ದನಿ. “ಅಕ್ಕಾ... ಸುಮ್ನೆ... ಆಗತ್ತಾ ನೋಡಣ ಅಂತ...”
“ಆಗಲಿಲ್ಲ. ಬಿ ಪಾಸಿಟಿವ್ ಅನ್ನೋದಾದ್ರೂ ನಿಜವೇನೋ?”
ಆಚೆ ಯಾವುದೋ ಬಸ್ಸು ಹಾರ್ನು ಹೊಡೆದು ದಾಟಿತು.
“ನಿಜ ಅಕ್ಕಾ.”
“ಹಂಗಾದ್ರೆ ಸರಿಯಾಗಿ ಹೇಳು.
ಇಂಥವರ ಮಗ... ಅಂತ ಶುರು ಮಾಡು.”