ಬಿಸ್ಕತ್ತಿನ ಡಬ್ಬಿ

ಟ್ರೆಲ್ಯೂ ಊರಿನಲ್ಲಿ ಗಾಳಿಗೆ ರಜೆಯಿಲ್ಲ.
ಮಂಗಳವಾರ ಸಂಜೆ ಏಳು. ಕಿಟಕಿಯ ಸಂದಿಗೆ
ಮಡಿಸಿ ತುರುಕಿದ ಹಳೆಯ ಪ್ರಶ್ನೆಪತ್ರಿಕೆ:
‘ಎಂಟನೇ ಹೆನ್ರಿಯ ಹೆಂಡಿರ ಹೆಸರು ಕ್ರಮವಾಗಿ ಬರೆಯಿರಿ.’
ಆರು ಹೆಂಡಿರೂ ಸೇರಿ ತಡೆಯಲಾಗುತ್ತಿಲ್ಲ
ಪಟಗೋನಿಯಾದ ಧೂಳನ್ನು.

ನನ್ನೆದುರು ಹನ್ನೊಂದು ಮಂದಿ, ನಾಳಿನ ಇಂಗ್ಲಿಷ್ ಮೇಷ್ಟ್ರುಗಳು.
ಹಗಲೆಲ್ಲ ಉಣ್ಣೆ ಗೋದಾಮಿನಲ್ಲಿ ಮೂಟೆ ಹೊತ್ತು
ಕುರಿವಾಸನೆಯ ಜತೆಗೇ ಬಂದು ಕೂರುವ ಫಬ್ರಿಸಿಯೊ;
ಪಕ್ಕದ ಗೈಮನ್ನಿನ ಚಹಾದಂಗಡಿಯಲ್ಲಿ ಪ್ರವಾಸಿಗಳಿಗೆ
ಅಜ್ಜಿಯ ಅಜ್ಜಿ ಕಲಿಸಿದ ಕಪ್ಪು ಕೇಕು ಕೊಯ್ದು ಕೊಡುವ ನೆರಿಸ್ ಪ್ಯೂ;
ಮಾತಿಗೆ ಮೊದಲು ಮುಖ ನೋಡುವ ಅಯೆಲೆನ್ ನಾವೆಲ್ಕಿರ್.
ಗೋಡೆಗೆ ಬ್ರಿಟನ್ನಿನ ನಕಾಶೆ, ಅದರ ಮೂಲೆಯ ಪುಟ್ಟ ಚೌಕದಲ್ಲಿ
ನಮ್ಮ ಕಡಲಿನ ಆ ದ್ವೀಪಗಳು. ಅಚ್ಚಿನ ಹೆಸರಿನ ಮೇಲೆ ಯಾರೋ
ನೀಲಿ ಪೆನ್ನಲ್ಲಿ ಇನ್ನೊಂದು ಹೆಸರು ಗೀಚಿದ್ದಾರೆ.
ಹದಿನೇಳು ವರ್ಷದಿಂದ ಒರೆಸಿಲ್ಲ ನಾನು. ಓದಿಯೂ ಹೇಳಿಲ್ಲ.

ಬ್ರಿಟನ್ನಿಗೆ ನಾನು ಹೋದವಳಲ್ಲ.
ಥೇಮ್ಸ್ ನದಿಯ ಉದ್ದ ಬಾಯಿಪಾಠ, ಅದರ ವಾಸನೆ ಗೊತ್ತಿಲ್ಲ.

ಈ ವಾರದ ಪಾಠ: ಹತ್ತೊಂಬತ್ತನೇ ಶತಮಾನ, ಶಾಲೆಗಳು.
ಪುಸ್ತಕದಲ್ಲಿ ಅದಕ್ಕೆ ನಾಲ್ಕೇ ಸಾಲು.
ಸೇಬಿನ ಪೆಟ್ಟಿಗೆಯ ಹಲಗೆ ಸೀಳಿ, ತೂತು ಕೊರೆದು,
ದಾರ ಪೋಣಿಸಿ ತಂದಿದ್ದೆ.
‘ವೇಲ್ಸಿನ ಶಾಲೆಯಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಇದು.
ಇನ್ನೊಂದು ಮಗು ಬಾಯಿ ತಪ್ಪಿದರೆ ಅದರ ಕೊರಳಿಗೆ.
ಸಂಜೆಯ ಗಂಟೆ ಹೊಡೆದಾಗ ಯಾರ ಹತ್ತಿರ ಇದೆಯೋ
ಅವರಿಗೆ ಬೆತ್ತ.’
ಬಾಯಿ ಬಿಟ್ಟರೆ ಬಣ್ಣಗೇಡೆಂಬ ಗಾದೆಗೆ
ಅಲ್ಲಿ ಹಲಗೆ, ದಾರ, ಹಾಜರಿ ಪುಸ್ತಕ.

ಕೈಯಿಂದ ಕೈಗೆ ಹೋಯಿತು ಹಲಗೆ.
ನೆರಿಸ್ ಅದನ್ನು ಮೂಸಿದಳು.
‘ಇದಕ್ಕೇ ನಮ್ಮವರು ಹಡಗು ಹತ್ತಿದ್ದು,’ ಎಂದಳು,
‘ದೇವರ ಹತ್ತಿರವಾದರೂ ನಮ್ಮ ಮಾತಲ್ಲೇ ಆಡೋಣ ಅಂತ.
ಯಾರೂ ಇಲ್ಲದ ಜಾಗ ಅಂತ ಹೇಳಿದ್ದರಂತೆ.’

‘ಯಾರೂ ಇಲ್ಲದ ಜಾಗದಲ್ಲಿ ನಮ್ಮ ಡೇರೆಗಳಿದ್ದವು’
ಎಂದಳು ಅಯೆಲೆನ್, ಹಲಗೆ ಮುಟ್ಟದೆ.
‘ನನ್ನಜ್ಜಿಗೆ ಶಾಲೆಯಲ್ಲಿ ಹಲಗೆ ಕಟ್ಟಲಿಲ್ಲ.
ಮುಸುಕಿನ ಜೋಳ ಹರಡಿ ಅದರ ಮೇಲೆ ಮಂಡಿಯೂರಿಸಿದರು.
ಒಂದು ಮಾತಿಗೆ ಒಂದು ಗಂಟೆ.
ಅವಳ ಮಂಡಿಯ ಕುಳಿ ಎಣಿಸಿ ನಾನು ಎಣಿಕೆ ಕಲಿತೆ,
ಸ್ಪ್ಯಾನಿಷಿನಲ್ಲಿ.’

ಇದು ಪುಸ್ತಕದಲ್ಲಿರಲಿಲ್ಲ. ಪರೀಕ್ಷೆಗೂ ಬರುವುದಿಲ್ಲ.
ಸೀಮೆಸುಣ್ಣ ಬಿದ್ದವಳ ಹಾಗೆ ಬಗ್ಗಿ ಹುಡುಕಿದೆ.
ಆಗ ಫಬ್ರಿಸಿಯೊ, ತನ್ನ ಒರಟು ಇಂಗ್ಲಿಷಿನಲ್ಲಿ,
ನಾನು ಕಲಿಸಿದಂತೆ ನಾಲಗೆಯನ್ನು ಹಲ್ಲುಗಳ ನಡುವೆ ಇಟ್ಟು,
ಕೇಳಿದ: ‘ಟೀಚರ್, ಆ ಡಬ್ಬಿ?’

ಕಪಾಟಿನ ಮೇಲೆ ಬಿಸ್ಕತ್ತಿನ ಡಬ್ಬಿ.
ಮುಚ್ಚಳದಲ್ಲಿ ಕೆಂಪಂಗಿಯ ಕಾವಲುಗಾರ, ಕರಡಿತೊಗಲಿನ ಟೋಪಿ.
ತರಗತಿಯಲ್ಲಿ ಸ್ಪ್ಯಾನಿಷ್ ಆಡಿದರೆ ಹತ್ತು ಪೆಸೊ ದಂಡ,
ನಾನೇ ಮಾಡಿದ ಕಾನೂನು.
ವರ್ಷದ ಕೊನೆಗೆ ಆ ದುಡ್ಡಲ್ಲಿ ಎಂಪನಾಡ ತರಿಸಿ
ನಗುನಗುತ್ತಾ ತಿನ್ನುತ್ತೇವೆ.
ಅತಿ ಹೆಚ್ಚು ದಂಡ ತೆತ್ತವರಿಗೆ ಚಪ್ಪಾಳೆ.
ಮೂರು ವರ್ಷವೂ ಫಬ್ರಿಸಿಯೊನಿಗೇ.

ಹೋಲಿಕೆ ಸರಿಯಲ್ಲ ಅನ್ನಬೇಕೆಂದಿದ್ದೆ. ಬೆತ್ತವಿಲ್ಲ, ಕಾಳಿಲ್ಲ,
ಬರೀ ಆಟ, ಎಲ್ಲ ಕಡೆ ಆಡಿಸುತ್ತಾರೆ ಅನ್ನಬೇಕೆಂದಿದ್ದೆ.
ತಪ್ಪಿಲ್ಲದ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡೆ,
ಕರ್ತೃ, ಕ್ರಿಯಾಪದ, ಕರ್ಮ.
ಬಾಯಿಂದ ಬಿದ್ದದ್ದು ಸ್ಪ್ಯಾನಿಷ್. ಅದೂ ನನ್ನಮ್ಮ
ಹಾಲು ಉಕ್ಕಿ ಒಲೆಗೆ ಚೆಲ್ಲಿದಾಗ ಅನ್ನುತ್ತಿದ್ದ ಮಾತು.

ಕೈ ತಾನಾಗಿ ಜೇಬಿಗೆ ಹೋಗಿ ಚಿಲ್ಲರೆ ತಡಕಿತು.
ಹನ್ನೊಂದು ಮಂದಿಯೂ ಆ ಕೈಯನ್ನೇ ನೋಡುತ್ತಿದ್ದರು.
ಹಲಗೆ ಸುತ್ತು ಮುಗಿಸಿ ನನ್ನ ಮೇಜಿಗೆ ಬಂದಿತ್ತು,
ದಾರ ಅಂಚಿನಿಂದ ಜೋತುಬಿದ್ದು.

ಅಷ್ಟರಲ್ಲಿ ಗಂಟೆ ಹೊಡೆಯಿತು.