ಬೆಚ್ಚಗಿನ ಬಾನೆಟ್

ಊಲು ಪಟ್ಟಣ, ಬೆಳಗಿನ ಎಂಟು, ಮೈನಸ್ ಹದಿನಾರು.
ಎರಡೇ ಬಾಗಿಲಿನ ಕೆಂಪು ಕೂಪೆ.
"ಮೊದಲು ಬಾನೆಟ್ ಮುಟ್ಟು," ಎಂದಿದ್ದ ಮೆಕ್ಯಾನಿಕ್ ತಾವೆತ್ತಿ,
"ಬೆಚ್ಚಗಿದ್ದರೆ ಏನೋ ಮುಚ್ಚಿಟ್ಟಿದ್ದಾರೆ."

ಬೆಚ್ಚಗಿತ್ತು.

ಮಾತಾಡದೆ ಹಿಮದಲ್ಲಿ ಮಂಡಿಯೂರಿದೆ.
ರಸ್ತೆಯುಪ್ಪು ತಿಂದ ಬಾಗಿಲಡಿಯ ತಗಡಿಗೆ
ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದಂತೆ ಮುರಿಯಿತು.
ಡಿಪ್‌ಸ್ಟಿಕ್ ಮೂಸಿದೆ; ಸುಟ್ಟ ವಾಸನೆಯಿಲ್ಲ.
ಮೂರು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರು.
ಚಾಲಕನ ಸೀಟು ಸವೆದು ನೂಲು ಹೊರಬಂದಿದೆ,
ಪಕ್ಕದ್ದೂ
ಅಷ್ಟೇ ಸವೆದಿದೆ.

"ಇಂಜಿನ್ ಮೊದಲೇ ಬಿಸಿಮಾಡಿದ್ದೀರಿ," ಅಂದೆ.
ಹಿಲ್ಕಾ ಕೈಗವಸು ಕಳಚಿ ಕೀ ಚಾಚಿದಳು:
"ಐದಕ್ಕೆದ್ದು ಸಮುದ್ರದ ತನಕ ಹೋಗಿಬಂದೆ.
ಅವನ ಸೀಟಿನಲ್ಲಿ ಕೂತದ್ದು ಇವತ್ತೇ ಮೊದಲು.
ಮೂರನೇ ಗೇರು ಬೀಳಲೇ ಇಲ್ಲ."

ತಗಡಿನ ತೂತಿತ್ತು, ಮೂರನೇ ಗೇರಿತ್ತು, ಚೌಕಾಸಿಗೆ.
ಮಾಡಿದೆ ಕೂಡ.
ಇನ್ನೂರು ಯೂರೋ ಇಳಿಸಿದಳು.